ಹೋಗಿದ್ದೆಷ್ಟು, ಸೇರಿದ್ದೆಷ್ಟು: ಮಲ್ಟಿ ಕರೆನ್ಸಿ ಖಾತೆಯ ಜೊತೆ ಹದಿನಾಲ್ಕು ತಿಂಗಳು

ಕೆಲಸಕ್ಕೆ ಅಂತ ದೇಶ ಬಿಟ್ಟು ಬಂದು ಹದಿನಾಲ್ಕು ತಿಂಗಳಾಯಿತು. ಅಷ್ಟೂ ದಿನ ಒಂದು ಮಲ್ಟಿ ಕರೆನ್ಸಿ ಖಾತೆ ಬಳಸಿದ್ದೇನೆ. ಒಂದೇ ಆ್ಯಪ್‌ನಲ್ಲಿ ಹಲವು ದೇಶಗಳ ದುಡ್ಡು ಇಟ್ಟುಕೊಳ್ಳಬಹುದು, ಬೇಕಾದಾಗ ಬದಲಾಯಿಸಬಹುದು, ಒಂದೇ ಕಾರ್ಡಿನಲ್ಲಿ ಖರ್ಚು ಮಾಡಬಹುದು. ವೈಸ್, ರೆವೊಲ್ಯೂಟ್ ಇದೇ ಜಾತಿಯವು. ನನ್ನದು ಅವೆರಡೂ ಅಲ್ಲ. ಯಾವುದು ಅಂತ ಹೇಳುವುದೂ ಇಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ.

ಇದನ್ನು ಹೊಗಳುವ ಮುಂಚೆ ಅದಕ್ಕೂ ಹಿಂದಿನ ಕಥೆ ಹೇಳಬೇಕು. ಬಂದ ರಾತ್ರಿ ನನ್ನ ಪರ್ಸಿನಲ್ಲಿದ್ದದ್ದು ಏರ್‌ಪೋರ್ಟ್ ಕೌಂಟರಿನಲ್ಲಿ ಬದಲಾಯಿಸಿದ ನೋಟು. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಕಮಿಷನ್ ಇಲ್ಲ’ ಅಂತ ಬರೆದಿತ್ತು. ಸುಳ್ಳಲ್ಲ, ಕಮಿಷನ್ ತೆಗೆದುಕೊಳ್ಳಲಿಲ್ಲ. ರೇಟಿನಲ್ಲೇ ಹಿಡಿದುಕೊಂಡಿದ್ದರು! ಅವರು ಕೊಳ್ಳುವ ರೇಟಿಗೂ ಮಾರುವ ರೇಟಿಗೂ ನಡುವೆ ಲಾರಿ ಓಡಿಸುವಷ್ಟು ಜಾಗ. ರೂಮಿಗೆ ಬಂದು ಆ ದಿನದ ಮಿಡ್ ಮಾರ್ಕೆಟ್ ರೇಟಿನ ಜೊತೆ, ಅಂದರೆ ಮಾರುಕಟ್ಟೆಯಲ್ಲಿ ಕೊಳ್ಳುವ, ಮಾರುವ ರೇಟುಗಳ ನಟ್ಟನಡುವಿನ ರೇಟಿನ ಜೊತೆ ಹೋಲಿಸಿ ನೋಡಿದೆ. ನೂರಕ್ಕೆ ಒಂಬತ್ತು ಮಾಯ. ಅವತ್ತು ಒಂದು ನೋಟ್‌ಬುಕ್ ತೆಗೆದು ಎರಡು ಗೆರೆ ಎಳೆದೆ. ಎಡಕ್ಕೆ ‘ಹೋಗಿದ್ದು’, ಬಲಕ್ಕೆ ‘ಸೇರಿದ್ದು’. ಫೀ ಅಂತ ಒಂದು ಕಾಲಂ ಬೇಕೆಂದೇ ಹಾಕಲಿಲ್ಲ. ಫೀ ಎಷ್ಟು ಅಂತ ಅವರು ಹೇಳುವುದು ಅವರ ಲೆಕ್ಕ.

ಎರಡನೇ ಪೆಟ್ಟು ಮನೆಯ ಅಡ್ವಾನ್ಸ್ ವಿಷಯದಲ್ಲಿ. ನನ್ನ ಹಳೇ ಬ್ಯಾಂಕಿನಿಂದ ಸ್ವಿಫ್ಟ್ ಮೂಲಕ ಕಳಿಸಿದೆ. ಸ್ವಿಫ್ಟ್ ಅಂದರೆ ದುಡ್ಡು ಹೊತ್ತು ಹೋಗುವ ವ್ಯವಸ್ಥೆ ಅಂದುಕೊಂಡಿದ್ದೆ. ಅಲ್ಲ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಈ ಜಾಲ ಬ್ಯಾಂಕುಗಳ ನಡುವೆ ಬರೀ ಸಂದೇಶ ಒಯ್ಯುತ್ತದೆ. ದುಡ್ಡು ದಾಟುವುದು ಬ್ಯಾಂಕುಗಳು ಒಂದರಲ್ಲೊಂದು ಇಟ್ಟುಕೊಂಡಿರುವ ಖಾತೆಗಳ ಮೂಲಕ. ನಡುವೆ ಸಿಗುವ ಬ್ಯಾಂಕು ತನ್ನ ಪಾಲು ಕಿತ್ತುಕೊಂಡು ಮುಂದೆ ಕಳಿಸಬಹುದು. ಫಾರ್ಮಿನಲ್ಲಿ ‘ಅವರ್’, ‘ಶಾ’, ‘ಬೆನ್’ ಅಂತ ಮೂರು ಆಯ್ಕೆ ಇರುತ್ತವೆ. ಖರ್ಚೆಲ್ಲ ಕಳಿಸುವವರದ್ದು, ಇಬ್ಬರಿಗೂ ಹಂಚಿಕೆ, ಎಲ್ಲ ಪಡೆಯುವವರದ್ದು ಅಂತ ಅರ್ಥ. ನಾನು ಓದದೆ ನಡುವಿನದಕ್ಕೆ ಟಿಕ್ ಹಾಕಿದ್ದೆ. ಅಡ್ವಾನ್ಸ್ ಸ್ವಲ್ಪ ಕಮ್ಮಿ ಸೇರಿತು. ಆ ಸ್ವಲ್ಪ ಬರುವವರೆಗೆ ಮನೆ ಓನರ್ ಬೀಗದ ಕೈ ಕೊಡಲಿಲ್ಲ. ಶುಕ್ರವಾರದಿಂದ ಮಂಗಳವಾರದವರೆಗೆ ಹೋಟೆಲಿನಲ್ಲಿ, ಎರಡು ದೊಡ್ಡ ಸೂಟ್‌ಕೇಸ್ ಜೊತೆ.

ಈಗ ಆ್ಯಪ್. ಹೊರಡುವ ಮುಂಚೆಯೇ ಖಾತೆ ತೆರೆದಿದ್ದೆ, ಅದೊಂದು ಬುದ್ಧಿವಂತಿಕೆ ಮಾಡಿದ್ದೆ. ಪಾಸ್‌ಪೋರ್ಟ್ ಫೋಟೊ, ಮುಖ ಎಡಕ್ಕೆ ಬಲಕ್ಕೆ ತಿರುಗಿಸುವ ವಿಡಿಯೊ, ಅಷ್ಟೇ. ಇಲ್ಲಿ ಬಂದ ಮೇಲಾಗಿದ್ದರೆ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಇಲ್ಲಿನ ಬ್ಯಾಂಕಿಗೆ ಮನೆ ವಿಳಾಸ ಬೇಕು, ಮನೆ ಬೇಕಾದರೆ ಬ್ಯಾಂಕ್ ಖಾತೆ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು, ಅದೇ ಕಥೆ. ಮೊದಲ ಎರಡು ಸಂಬಳ ಈ ಆ್ಯಪ್‌ನ ಖಾತೆಗೇ ಬಂತು.

ಇದರಲ್ಲಿ ನನಗೆ ಇಷ್ಟವಾದದ್ದು ಒಂದೇ ಒಂದು ಸ್ಕ್ರೀನು. ಊರಿಗೆ ದುಡ್ಡು ಕಳಿಸುವಾಗ ‘ಅಮ್ಮನಿಗೆ ಸೇರುವುದು ಇಷ್ಟು’ ಅನ್ನುವ ಸಂಖ್ಯೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಫೀ, ರೇಟು ಅದರ ಕೆಳಗೆ ಸಣ್ಣದಾಗಿ. ನನ್ನ ನೋಟ್‌ಬುಕ್ಕಿನ ಬಲಗಡೆಯ ಕಾಲಂ ಅವರೇ ತುಂಬಿ ಕೊಟ್ಟ ಹಾಗೆ. ವಾರದ ದಿನ ಕಳಿಸಿದಾಗ ನೂರಕ್ಕೆ ಒಂದು ಕೂಡ ಹೋಗಿದ್ದಿಲ್ಲ.

ವಾರದ ದಿನ ಅಂತ ಯಾಕೆ ಹೇಳಿದೆ ಅಂದರೆ, ಶನಿವಾರ ಭಾನುವಾರ ವಿದೇಶಿ ವಿನಿಮಯದ ಮಾರುಕಟ್ಟೆ ಮಲಗಿರುತ್ತದೆ. ಸೋಮವಾರ ರೇಟು ಎಲ್ಲಿ ಏಳುತ್ತದೋ ಗೊತ್ತಿಲ್ಲದ ಕಾರಣ ನನ್ನ ಆ್ಯಪ್ ಆ ಎರಡು ದಿನ ರೇಟಿನ ಮೇಲೆ ಒಂದಿಷ್ಟು ಹೆಚ್ಚಿಗೆ ಹಾಕುತ್ತದೆ. ನಿಯಮಗಳಲ್ಲಿ ಬರೆದಿದೆ. ಆದರೆ ಆ ದೊಡ್ಡ ಸಂಖ್ಯೆಯ ಪಕ್ಕ ಬರೆದಿಲ್ಲ. ಸಂಬಳ ಶುಕ್ರವಾರ ಸಂಜೆ ಬಂದಿತ್ತು, ಶನಿವಾರ ಬೆಳಿಗ್ಗೆ ಉತ್ಸಾಹದಲ್ಲಿ ಬದಲಾಯಿಸಿದೆ. ಆಮೇಲೆ ಲೆಕ್ಕ ನೋಡಿ ಸುಮ್ನೆ ಕೂತೆ.

ಅದಾದ ಮೇಲೆ ರೇಟು ನೋಡುವ ಚಟ ಹಿಡಿಯಿತು. ಅಲರ್ಟ್ ಇಟ್ಟುಕೊಂಡೆ. ಫೋನು ಮಾಡಿದಾಗಲೆಲ್ಲ ‘ಇನ್ನೆರಡು ದಿನ ಕಾಯ್ತೀನಮ್ಮ, ಏರಬಹುದು’ ಅನ್ನುತ್ತಿದ್ದೆ. ‘ನೀನು ಅಲ್ಲಿಗೆ ಕೆಲಸಕ್ಕೆ ಹೋಗಿದ್ಯೋ, ರೇಟು ಕಾಯೋಕೆ ಹೋಗಿದ್ಯೋ?’ ಅಂದರು ಅಮ್ಮ. ಈಗ ಪ್ರತಿ ತಿಂಗಳ ಮೊದಲ ಮಂಗಳವಾರ ಕಳಿಸಿಬಿಡುತ್ತೇನೆ, ರೇಟು ಏನೇ ಇರಲಿ.

ಕಾರ್ಡಿನ ಬಗ್ಗೆ ದೂರಿಲ್ಲ, ದೂರು ಎಟಿಎಂ ಮೇಲೆ. ಬೇರೆ ದೇಶದ ಕಾರ್ಡು ಹಾಕಿದರೆ ಕೆಲವು ಮೆಷಿನ್ನುಗಳು ‘ನಿಮ್ಮ ಊರಿನ ಕರೆನ್ಸಿಯಲ್ಲೇ ಲೆಕ್ಕ ಹಾಕಲೇ?’ ಅಂತ ಕೇಳುತ್ತವೆ. ಡೈನಮಿಕ್ ಕರೆನ್ಸಿ ಕನ್ವರ್ಶನ್ ಅಂತ ಇದರ ಹೆಸರು. ಒಪ್ಪಿದರೆ ರೇಟು ಅವರು ಹಾಕಿದ್ದೇ. ನಾನು ಕಂಡ ಮೆಷಿನ್ನಿನಲ್ಲಿ ‘ಒಪ್ಪಿಗೆ’ ದೊಡ್ಡ ಹಸಿರು ಗುಂಡಿ. ‘ಕನ್ವರ್ಶನ್ ಬೇಡ’ ಅನ್ನುವುದು ಮೂಲೆಯಲ್ಲಿ ಬೂದು ಬಣ್ಣದಲ್ಲಿ, ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಅನ್ನುವ ಹಾಗೆ. ಹಿಂದೆ ನಾಲ್ಕು ಜನ ನಿಂತಿದ್ದರು. ಆದದ್ದಾಗಲಿ ಅಂತ ಬೂದು ಗುಂಡಿ ಒತ್ತಿದೆ. ದುಡ್ಡು ಬಂತು. ಅಂಗಡಿಯ ಕಾರ್ಡ್ ಮೆಷಿನ್ನಿನಲ್ಲೂ ಇದೇ ಪ್ರಶ್ನೆ ಬರುತ್ತದೆ, ಅಲ್ಲೂ ಇದೇ ಉತ್ತರ: ಇಲ್ಲಿನ ಕರೆನ್ಸಿಯಲ್ಲೇ ಹಾಕಿ.

ಇನ್ನು ಬೈಗುಳದ ಭಾಗ. ಆರು ತಿಂಗಳ ಉಳಿತಾಯ ಒಟ್ಟಿಗೆ ಊರಿಗೆ ಕಳಿಸಲು ಹೋದೆ. ಖಾತೆ ಲಾಕ್. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದರು. ಕೇಳಲೇಬೇಕು, ಕಪ್ಪುಹಣದ ಕಾನೂನು ಹಾಗಿದೆ. ಪೇ ಸ್ಲಿಪ್ಪು, ಆಫರ್ ಲೆಟರು ಹತ್ತು ನಿಮಿಷದಲ್ಲಿ ಕಳಿಸಿದೆ. ಅವರು ನಾಲ್ಕು ದಿನ ತೆಗೆದುಕೊಂಡರು. ಚಾಟ್‌ನಲ್ಲಿ ಪ್ರತಿ ಸಲ ಹೊಸಬರು, ಪ್ರತಿ ಸಲ ‘ನಿಮ್ಮ ತಾಳ್ಮೆಗೆ ಧನ್ಯವಾದ’. ಯಾವ ತಾಳ್ಮೆ ಸ್ವಾಮಿ? ಅಷ್ಟರಲ್ಲಿ ಊರಿನ ಸಾಲದ ಕಂತು ತಪ್ಪಿ ದಂಡ ಬಿತ್ತು. ಈಗ ಒಂದು ಕಂತಿನಷ್ಟು ದುಡ್ಡು ಊರಿನ ಖಾತೆಯಲ್ಲಿ ಸದಾ ಬಿದ್ದಿರುತ್ತದೆ. ಆ್ಯಪ್‌ನಲ್ಲಿ ಒಂದು ತಿಂಗಳ ಖರ್ಚಿಗಿಂತ ಜಾಸ್ತಿ ಇಡುವುದಿಲ್ಲ. ಈ ಕಂಪನಿಗೆ ಇರುವುದು ಬ್ಯಾಂಕಿನ ಲೈಸೆನ್ಸ್ ಅಲ್ಲ, ಬ್ಯಾಂಕಿನ ಠೇವಣಿಗೆ ಇರುವ ವಿಮೆ ಇಲ್ಲಿಲ್ಲ. ಸಂಬಳ ಈಗ ಇಲ್ಲಿನ ಬ್ಯಾಂಕಿಗೆ ಬರುತ್ತದೆ, ಆ್ಯಪ್ ಬರೀ ದಾಟಿಸುವ ದೋಣಿ.

ಐದಕ್ಕೆ ಮೂರೂವರೆ. ಅರ್ಧ ಕಡಿದದ್ದು ಆ ಶನಿವಾರಕ್ಕೆ, ಒಂದು ಆ ನಾಲ್ಕು ದಿನಕ್ಕೆ.