ಹಾಜರಿ ಮಿಷನ್ ಜೊತೆ ಬರುವ ರಜೆ ಆ್ಯಪ್: ಸೆಟ್ಟಿಂಗ್ ನೋಡದೆ ಒಪ್ಪಬೇಡಿ

ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಕಡೆಯ ಫ್ಯಾಕ್ಟರಿಗಳಿಗೆ ಬೆರಳಚ್ಚಿನ ಹಾಜರಿ ಮಿಷನ್ ಕೂರಿಸುವ ಡೀಲರುಗಳು ಅದರ ಜೊತೆಗೇ ಒಂದು ರಜೆ ಆ್ಯಪ್ ಹಾಕಿಕೊಡುತ್ತಾರೆ. ಬ್ರ್ಯಾಂಡ್ ಬೇರೆ ಬೇರೆ, ಒಳಗಿನ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ. ಒಳ್ಳೆಯದನ್ನು ಮೊದಲು ಹೇಳಿಬಿಡುವ: ಎಷ್ಟು ರಜೆ ಉಳಿದಿದೆ ಎಂದು ಕೇಳಲು ಕ್ಲರ್ಕ್ ಟೇಬಲ್ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಅರ್ಜಿ ಹಾಕಿದ ದಿನ, ಗಂಟೆ ದಾಖಲಾಗುತ್ತದೆ.

ತೊಂದರೆ ಇರುವುದು ‘ಪೆಂಡಿಂಗ್’ ಎಂಬ ಹಳದಿ ಗುರುತಿನಲ್ಲಿ. ಸೂಪರ್‌ವೈಸರ್ ಅರ್ಜಿಯನ್ನು ಒಪ್ಪುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ. ಫೋನ್‌ನಲ್ಲಿ ಮಾತ್ರ “ಈ ವಾರ ಡಿಸ್ಪ್ಯಾಚ್ ಉಂಟು ಮಾರಾಯಾ, ಮುಂದಿನ ತಿಂಗಳು ನೋಡುವ” ಅನ್ನುತ್ತಾರೆ. ಕೇಳಿದ ತಾರೀಕು ದಾಟಿದ ಕೂಡಲೇ ಅರ್ಜಿ ತಾನಾಗಿ ‘ಎಕ್ಸ್‌ಪೈರ್ಡ್’. ರಜೆ ಕೊಡಲಿಲ್ಲ ಎನ್ನಲು ಕಾಗದದಲ್ಲಿ ಏನೂ ಉಳಿಯುವುದಿಲ್ಲ.

ಇದು ಬರೀ ಕಿರಿಕಿರಿಯಲ್ಲ, ಲೆಕ್ಕಕ್ಕೇ ಹೊಡೆತ. ಗಳಿಕೆ ರಜೆಯನ್ನು, ಅಂದರೆ ದುಡಿದ ದಿನಗಳ ಲೆಕ್ಕಕ್ಕೆ ಸಿಗುವ ಸಂಬಳದ ರಜೆಯನ್ನು, ಮುಂದಿನ ವರ್ಷಕ್ಕೆ ಒಯ್ಯಲು 30 ದಿನಗಳ ಮಿತಿ ಇದೆ. ಆದರೆ ಅರ್ಜಿ ಹಾಕಿಯೂ ಸಿಗದ ರಜೆಗೆ ಆ ಮಿತಿ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 79ನೇ ಸೆಕ್ಷನ್‌ನಲ್ಲಿದ್ದ ಈ ಮಾತು ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ‘ರಿಜೆಕ್ಟೆಡ್’ ಎಂಬ ಕೆಂಪು ಗುರುತು ಕಾರ್ಮಿಕನಿಗೆ ಲಾಭವೇ. ‘ಎಕ್ಸ್‌ಪೈರ್ಡ್’ ಆದರೆ ಡಿಸೆಂಬರ್ 31ರ ರಾತ್ರಿ ಆ್ಯಪ್ 30ರ ಮೇಲಿನದನ್ನು ಒರೆಸಿಹಾಕುತ್ತದೆ.

ಪರಿಹಾರ ಅಡ್ಮಿನ್ ಸೆಟ್ಟಿಂಗ್‌ನಲ್ಲೇ ಇರುತ್ತದೆ, ಡೀಲರ್ ತಾನಾಗಿ ತೋರಿಸುವುದಿಲ್ಲ ಅಷ್ಟೆ. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಅರ್ಜಿ ಮೇಲಿನ ಅಧಿಕಾರಿಗೆ ಹೋಗುವಂತೆ, ತಿರಸ್ಕರಿಸಿದರೆ ಕಾರಣ ಬರೆಯದೆ ಮುಂದೆ ಹೋಗಲಾಗದಂತೆ ಇಡಿಸಿ. ಅಲ್ಲಿಯವರೆಗೆ ಕಾರ್ಮಿಕರು ಅರ್ಜಿ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ. “ಕ್ಯಾನ್ಸಲ್ ಮಾಡಿಬಿಡು, ಆಮೇಲೆ ಹಾಕು” ಎಂದರೆ ಮಾತ್ರ ಕ್ಯಾನ್ಸಲ್ ಒತ್ತಲೇಬೇಡಿ. ಒತ್ತಿದರೆ ರಜೆ ಬೇಡವೆಂದದ್ದು ನೀವೇ ಎಂದಾಗುತ್ತದೆ.

ಎರಡನೆಯದು ‘ಸ್ಯಾಂಡ್‌ವಿಚ್’ ನಿಯಮ. ಹಾಕಿಕೊಡುವಾಗಲೇ ಆನ್ ಆಗಿರುತ್ತದೆ. 2026ರಲ್ಲಿ ಚೌತಿ ಸೆಪ್ಟೆಂಬರ್ 14, ಸೋಮವಾರ. ಫ್ಯಾಕ್ಟರಿಗೆ ಆ ದಿನ ರಜೆ ಇದ್ದು, ನೀವು 12ರ ಶನಿವಾರ ಮತ್ತು 15ರ ಮಂಗಳವಾರ ಕೇಳಿದರೆ ಖರ್ಚಾಗಬೇಕಾದ್ದು ಎರಡು ರಜೆ. ಆ್ಯಪ್ ನಡುವಿನ ಭಾನುವಾರ, ಚೌತಿ ಎರಡನ್ನೂ ಸೇರಿಸಿ ನಾಲ್ಕು ಕಳೆಯುತ್ತದೆ. ಗಳಿಕೆ ರಜೆಯ ನಡುವೆಯೋ ತುದಿಗೋ ಬರುವ ರಜಾದಿನಗಳನ್ನು ಎಣಿಸಬಾರದೆಂದು ಕಾನೂನೇ ಹೇಳುತ್ತದೆ. ಈ ಒಂದು ಟಿಕ್ ತೆಗೆಸಿದರೇ ಅರ್ಧ ಜಗಳ ಮುಗಿಯಿತು.

ಹಳೆಯ ವರ್ಷನ್‌ಗಳಲ್ಲಿ ಗಳಿಕೆ ರಜೆ ಸಿಗಲು ವರ್ಷದಲ್ಲಿ ದುಡಿದಿರಬೇಕಾದ ದಿನ 240 ಎಂದೇ ಇದೆ. 2025ರ ನವೆಂಬರ್ 21ರಿಂದ ಜಾರಿಯಾದ ಸಂಹಿತೆಯಲ್ಲಿ ಅದು 180. 20 ದಿನ ಕೆಲಸಕ್ಕೆ ಒಂದು ರಜೆ ಎಂಬುದು ಬದಲಾಗಿಲ್ಲ. ವರ್ಷದಲ್ಲಿ 200 ದಿನ ದುಡಿದವನಿಗೆ 10 ರಜೆ ಸಿಗಬೇಕು, ಹಳೆಯ ಸೆಟ್ಟಿಂಗ್ ಸೊನ್ನೆ ತೋರಿಸುತ್ತದೆ. (ಮ್ಯಾನೇಜರ್ ದರ್ಜೆಯವರಿಗೂ, 1961ರ ರಾಜ್ಯ ಕಾಯ್ದೆಗೆ ಸೇರುವ ಅಂಗಡಿ-ಆಫೀಸುಗಳಿಗೂ ಲೆಕ್ಕ ಬೇರೆ.)

ಕಾರಣದ ಪಟ್ಟಿಯಲ್ಲಿ ಮದುವೆ, ಅನಾರೋಗ್ಯ ಬಿಟ್ಟರೆ ‘ಇತರೆ’. ಕುಟುಂಬದ ದೈವದ ನೇಮಕ್ಕೆ ಹೋಗುವವನೂ ಕ್ರೈಸ್ತರ ಮೋಂತಿ ಫೆಸ್ತ್ ಹಬ್ಬಕ್ಕೆ ಹೋಗುವವಳೂ ‘ಇತರೆ’ಯೇ! ಊರು ನೋಡಿ ಮಾಡಿದ ಆ್ಯಪ್ ಅಲ್ಲ ಇದು. ರಜೆ ಹಾಕದವರಿಗೆ ತಿಂಗಳ ಕೊನೆಗೆ ಎಲ್ಲರಿಗೂ ಕಾಣುವಂತೆ ಚಿನ್ನದ ನಕ್ಷತ್ರ ಕೊಡುವ ಸೌಲಭ್ಯವೂ ಇದೆ. ಶಾಲೆಯ ಮಕ್ಕಳಿಗೆ ಸರಿ, ಜ್ವರ ಬಂದರೂ ಬಾಯ್ಲರ್ ಮುಂದೆ ನಿಲ್ಲುವವರನ್ನು ಹುಟ್ಟುಹಾಕುವುದಕ್ಕೆ ಇದೇ ಸಾಕು. ಆಫ್ ಮಾಡಿಸಿ.

ಡೀಲರ್ ಕೊಟ್ಟ ಹಾಗೇ ಬಳಸಿದರೆ ಈ ಆ್ಯಪ್‌ಗೆ ಐದಕ್ಕೆ ಒಂದೂವರೆ ಅಂಕ, ಇಷ್ಟೆಲ್ಲ ಸರಿಮಾಡಿಸಿದರೆ ನಾಲ್ಕು. ಬಿಲ್ ಪಾವತಿಗೆ ಮೊದಲೇ ಒಂದು ಡಮ್ಮಿ ಅರ್ಜಿ ಹಾಕಿ, ಉತ್ತರ ಕೊಡದೆ ಬಿಟ್ಟು ಏನಾಗುತ್ತದೆಂದು ಡೀಲರ್ ಎದುರಿಗೇ ನೋಡಿ. ಹಣ ಕೈಸೇರಿದ ಮೇಲೆ ಅವರ ಸರ್ವಿಸ್ ನಂಬರ್ ಕೂಡ ಪೆಂಡಿಂಗ್.