ಫೋರ್ಕಿಗೆ ಆಯಸ್ಕಾಂತ ಅಂಟಿತು: ಕಲಬುರಗಿಯಲ್ಲಿ ಹಗುರ ಸೈಕಲ್ ಕಟ್ಟಿಸಲು ಹೊರಟವರು ಓದಿ

ಕಲಬುರಗಿಯಲ್ಲಿ ಕಡಿಮೆ ದುಡ್ಡಿಗೆ ಹಗುರವಾದ ರೋಡ್ ಸೈಕಲ್ ಕಟ್ಟಿಸಬೇಕೆಂದು ಯಾರಾದರೂ ಯೋಚಿಸುತ್ತಿದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಕೊಟ್ಟಾಗಿದ್ದರೆ ಇವತ್ತೇ ಒಂದು ಆಯಸ್ಕಾಂತ ಹಿಡಿದುಕೊಂಡು ಅಂಗಡಿಗೆ ಹೋಗಿ. ನನ್ನ 32,000 ರೂಪಾಯಿ ಹೋಗಿದೆ. ದೂರು ಕೊಟ್ಟಿದ್ದೇನೆ, ಆದ್ದರಿಂದ ಅಂಗಡಿಯ ಹೆಸರು ಬರೆಯುವುದಿಲ್ಲ. ಉಳಿದ ಯಾವುದನ್ನೂ ಮುಚ್ಚಿಡುವುದಿಲ್ಲ, ನನಗೆ ನಾಚಿಕೆ ತರುವುದನ್ನೂ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮಾಸ್ತರ. ಐದು ವರ್ಷಗಳಿಂದ ಬೆಳಿಗ್ಗೆ ಸೇಡಂ ರಸ್ತೆಯಲ್ಲಿ ಹಳೆಯ ಉಕ್ಕಿನ ಸೈಕಲ್ ತುಳಿಯುತ್ತಿದ್ದೇನೆ. ಒಮ್ಮೆಯಾದರೂ ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ತನಕ ಒಂದೇ ದಿನದಲ್ಲಿ ತುಳಿದು ಮುಟ್ಟಬೇಕೆಂಬ ಆಸೆ. ಕಂಪನಿಯ ಒಳ್ಳೆಯ ರೋಡ್ ಸೈಕಲ್ ಕೊಳ್ಳುವಷ್ಟು ದುಡ್ಡು ನನ್ನ ಬಳಿ ಇರಲಿಲ್ಲ. ಬಿಡಿ ಸಾಮಾನು ಕೂಡಿಸಿ ಕಟ್ಟಿಸಿದರೆ ಅರ್ಧ ಬೆಲೆಗೆ ಆಗುತ್ತದೆ ಎಂದು ಗೆಳೆಯರು ಹೇಳಿದರು. ಹೈದರಾಬಾದಿನ ಪರಿಚಿತರೊಬ್ಬರಿಂದ ಬಳಸಿದ ಶಿಮಾನೊ ಕಂಪನಿಯ ಸೋರಾ ಗಿಯರ್ ಲಿವರ್‌ಗಳು ಮತ್ತು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ) ತರಿಸಿಕೊಂಡೆ. ಅದಕ್ಕೆ 9,500 ರೂಪಾಯಿ. ಇವು ಒಂಬತ್ತು ಗಿಯರಿನವು. ಉಳಿದದ್ದನ್ನೆಲ್ಲ ಊರಿನ ಈ ಅಂಗಡಿಯವನು ಹಾಕಿಕೊಡುವುದೆಂದು ಮಾತಾಯಿತು: ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲಿನ ಕವಲು), ಎರಡು ಗೋಡೆಯ ರಿಮ್, ಅಲ್ಯೂಮಿನಿಯಂ ಹ್ಯಾಂಡಲ್ ಮತ್ತು ಸೀಟ್ ಪೋಸ್ಟ್. ಒಟ್ಟು ತೂಕ ಒಂಬತ್ತೂವರೆ ಕಿಲೋ. ಬೆಲೆ 32,000.

ಅವನಿಗೆ ವಿಷಯ ಗೊತ್ತಿಲ್ಲವೆಂದಲ್ಲ. ಗೊತ್ತಿತ್ತು. ಅದಕ್ಕೇ ನಾನು ನಂಬಿದೆ. "ಟೂರ್ ಡಿ ಫ್ರಾನ್ಸಿನಲ್ಲಿ 6.8 ಕಿಲೋಗಿಂತ ಹಗುರದ ಸೈಕಲ್ ಬಿಡುವುದೇ ಇಲ್ಲ ಮಾಸ್ತರರೇ. ಅವರು ಲಕ್ಷಗಟ್ಟಲೆ ಸುರಿದು ಅಲ್ಲಿಗೆ ಬರುತ್ತಾರೆ. ನಿಮಗೆ ಒಂಬತ್ತೂವರೆ ಸಾಕು, ಆ ಎರಡೂಮುಕ್ಕಾಲು ಕಿಲೋವನ್ನು ನಿಮ್ಮ ಹೊಟ್ಟೆಯಿಂದ ಇಳಿಸಿ" ಎಂದ. ಆ 6.8ರ ನಿಯಮ ನಿಜವೇ, 2000ನೇ ಇಸವಿಯಿಂದ ಇದೆ. ಒಂದು ಮಾತು ನಿಜವಾಗಿದ್ದರಿಂದ ಎಲ್ಲ ಮಾತೂ ನಿಜವೆಂದುಕೊಂಡೆ.

ಆಮೇಲೆ ಒಳಗೆ ಹೋಗಿ ಒಂದು ಕಪ್ಪು ಫೋರ್ಕ್ ತಂದು ನನ್ನ ಅಂಗೈ ಮೇಲಿಟ್ಟ. ಬೆರಳಲ್ಲಿ ಎತ್ತುವಷ್ಟು ಹಗುರ. ಒಂದು ಲೋಟ ಹಾಲಿನಷ್ಟೂ ಭಾರವಿಲ್ಲವೆನಿಸಿತು. "ಇದೇ ನಿಮ್ಮದು" ಎಂದ. ಇದೇ ನಿಮ್ಮದು. ಈ ಎರಡು ಪದಗಳನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಅದೇ ಗಳಿಗೆಯಲ್ಲಿ 12,000 ಎಣಿಸಿ ಕೊಟ್ಟೆ. ಹೆಂಡತಿ ಚೀಟಿ ಎತ್ತಿದ ಹಣ ಅದು. ದೀಪಾವಳಿ ಮುಗಿದು ಒಂದು ವಾರವಾಗಿತ್ತು.

ಬಿಲ್ ಕೇಳಿದಾಗ "ಬಿಲ್ ಬೇಕೆಂದರೆ ಜಿಎಸ್‌ಟಿ ಕೂಡುತ್ತದೆ, ನಿಮಗೇ ಭಾರ" ಎಂದು ಬಿಳಿ ಚೀಟಿಯ ಮೇಲೆ "ಸೈಕಲ್ 1, ಮುಂಗಡ ಮುಟ್ಟಿದೆ" ಎಂದು ಬರೆದುಕೊಟ್ಟ. ಕಾರ್ಬನ್ ಎಂಬ ಮಾತಿಲ್ಲ, ತೂಕವಿಲ್ಲ, ಒಂದು ಸಾಮಾನಿನ ಹೆಸರೂ ಇಲ್ಲ. ಮಡಚಿ ಜೇಬಿಗೆ ಹಾಕಿಕೊಂಡೆ.

ಹದಿನೈದು ದಿನ ಎಂದವನು ನಾಲ್ಕು ತಿಂಗಳು ಎಳೆದ. ರಿಮ್ ಬಂದಿಲ್ಲ, ಬೇರಿಂಗ್ ಬಂದಿಲ್ಲ, ಹುಡುಗ ರಜೆಯಲ್ಲಿದ್ದಾನೆ, ಶರಣಬಸವೇಶ್ವರ ಜಾತ್ರೆ ಮುಗಿಯಲಿ. ನಡುವೆ ಹತ್ತು ಸಾವಿರ, ಮತ್ತೆ ಹತ್ತು ಸಾವಿರ. ಸಂದೇಶದಲ್ಲಿ ಏನು ಕೇಳಿದರೂ ಬರೆದು ಉತ್ತರಿಸುತ್ತಿರಲಿಲ್ಲ. ಫೋನ್ ಮಾಡುತ್ತಿದ್ದ, ಇಲ್ಲವೇ ಧ್ವನಿ ಕಳುಹಿಸುತ್ತಿದ್ದ. ಅದು ಯಾಕೆಂದು ಈಗ ತಿಳಿಯುತ್ತದೆ.

ಜಾತ್ರೆ ಮುಗಿದ ಮೇಲೆ ಸೈಕಲ್ ಕೈಗೆ ಬಂತು. ನೋಡಲು ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ಕಪ್ಪು ಬಣ್ಣ, ಫೋರ್ಕಿನ ಕಾಲುಗಳ ಮೇಲೆ ಕಾರ್ಬನ್ನಿನ ಹೆಣಿಗೆ. ತೂಗಿ ನೋಡಲಿಲ್ಲ. ಅಂಗಡಿಯಲ್ಲೇ ಕೊಕ್ಕೆ ತಕ್ಕಡಿ ತೂಗಾಡುತ್ತಿತ್ತು, ನಾನು ತೂಗಿ ನೋಡಲಿಲ್ಲ.

ಮೊದಲ ಭಾನುವಾರವೇ ಮಳಖೇಡದ ದಾರಿ ಹಿಡಿದೆ. ಎದುರು ಗಾಳಿಯೇನೂ ಇರಲಿಲ್ಲ, ಆದರೂ ಸೈಕಲ್ ಏಳುತ್ತಿರಲಿಲ್ಲ. ಗಿಯರ್ ಬದಲಿಸಿದಾಗಲೆಲ್ಲ ಕರಕರ ಸದ್ದು, ಚೈನು ಒಂದು ಹಲ್ಲುಚಕ್ರದ ಮೇಲೆ ನಿಲ್ಲದೆ ಎರಡರ ನಡುವೆ ತಿಣುಕುತ್ತಿತ್ತು. ರಸ್ತೆ ಬದಿಗೆ ನಿಲ್ಲಿಸಿ ಎಣಿಸಿದೆ. ಎಂಟು. ನನ್ನ ಲಿವರ್ ಒಂಬತ್ತರದು, ಅವನು ಹಿಂದಿನ ಚಕ್ರಕ್ಕೆ ಕೂರಿಸಿದ್ದು ಎಂಟು ಹಲ್ಲುಚಕ್ರಗಳ ಫ್ರೀವೀಲ್, ಅದೂ ಚಕ್ರದ ನಡುವಿನ ಹಬ್ಬಿನ ಮೇಲೆ ತಿರುಗಿಸಿ ಬಿಗಿಯುವ ಹಳೆಯ ಮಾದರಿ. ಎಂಟರಲ್ಲಿ ಹಲ್ಲುಚಕ್ರಗಳ ಅಂತರ 4.8 ಮಿಲಿಮೀಟರ್, ಒಂಬತ್ತರಲ್ಲಿ 4.35. ಒಂದೆರಡು ಗಿಯರಿಗೆ ಹೊಂದಿಸಿದರೆ ಉಳಿದವು ತಪ್ಪುತ್ತವೆ. ಫೋನ್ ಮಾಡಿದೆ. "ಹೊಸದು ಮಾಸ್ತರರೇ, ಓಡುತ್ತ ಓಡುತ್ತ ಕೂರುತ್ತದೆ" ಎಂದ.

ಓಡಿತು. ಕೂರಲಿಲ್ಲ.

ಏಪ್ರಿಲ್ ಬಂತು. ನಮ್ಮ ಊರಿನ ಏಪ್ರಿಲ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಬಿಸಿಲಲ್ಲಿ ಒಂದು ಗಂಟೆ ನಿಂತಿದ್ದ ಸೈಕಲ್ ಹತ್ತಲು ಹೋದಾಗ ಫೋರ್ಕಿನ ಬಲಗಾಲಿನ ಮೇಲೆ ಹಪ್ಪಳದ ಗುಳ್ಳೆಯಂತೆ ಏನೋ ಎದ್ದಿತ್ತು. ಉಗುರು ಹಾಕಿ ಎಳೆದೆ. ಸುಲಿದು ಬಂತು. ಕಾರ್ಬನ್ನಿನ ಹೆಣಿಗೆ ಎಂದುಕೊಂಡಿದ್ದು ಸ್ಟಿಕರ್. ಅದರ ಕೆಳಗೆ ಕಪ್ಪು ಬಣ್ಣ, ಬಣ್ಣದ ಕೆಳಗೆ ಒಂದು ಕಡೆ ತುಕ್ಕು.

ಅಲ್ಲಿಂದ ನೇರ ನೆಹರು ಗಂಜಿಗೆ ಹೋದೆ. ಕಾಕಾ ಅವರದು ತೊಗರಿ ಬೇಳೆಯ ವ್ಯಾಪಾರ. ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಸೈಕಲ್ ಎತ್ತಿಟ್ಟೆ. 12.65 ಕಿಲೋ. ಇಳಿಸಿ, ಸೊನ್ನೆ ಮಾಡಿಸಿ ಮತ್ತೆ ಇಟ್ಟೆ. 12.65. ನನ್ನ ಮುಖ ನೋಡಿದ ಹಮಾಲ ಮೂವತ್ತು ಕಿಲೋದ ಚೀಲವೊಂದನ್ನು ಇಟ್ಟು ತೋರಿಸಿದ. ತಕ್ಕಡಿ ಸರಿಯಾಗಿಯೇ ಇತ್ತು. "ಇದಕ್ಕೆ ಎಷ್ಟು ಕೊಟ್ಟೆಯಪ್ಪಾ?" ಎಂದು ಕಾಕಾ ಕೇಳಿದರು. ಹದಿನೈದು ಸಾವಿರ ಎಂದು ಸುಳ್ಳು ಹೇಳಿದೆ. ಅದಕ್ಕೂ ಅವರು ತಲೆ ಅಲ್ಲಾಡಿಸಿದರು.

ಮರುದಿನ ಶಾಲೆಯ ಪ್ರಯೋಗಾಲಯದಿಂದ ದಂಡಕಾಂತ ತಂದೆ. ಫೋರ್ಕಿನ ಕಾಲಿಗೆ ಹಿಡಿಯುತ್ತಲೇ ಠಕ್ಕೆಂದು ಅಂಟಿತು. ಹ್ಯಾಂಡಲಿಗೆ ಅಂಟಿತು. ಸೀಟ್ ಪೋಸ್ಟಿಗೆ ಅಂಟಿತು. ಕ್ರ್ಯಾಂಕಿನ ಹಲ್ಲುಚಕ್ರಗಳಿಗೆ ಅಂಟಿತು. ಫ್ರೇಮಿಗೆ ಮಾತ್ರ ಅಂಟಲಿಲ್ಲ, ಅದೊಂದೇ ಅವನು ಹೇಳಿದಂತೆ ಇದ್ದದ್ದು. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಾಂತೀಯ ವಸ್ತು ಯಾವುದು, ಅಲ್ಲದ್ದು ಯಾವುದು ಎಂದು ಹೇಳಿಕೊಟ್ಟವನು ನಾನು. ನೀರಿಗಿಂತ ಉಕ್ಕು ಸುಮಾರು 7.8 ಪಟ್ಟು ಸಾಂದ್ರ, ಅಲ್ಯೂಮಿನಿಯಂ 2.7 ಪಟ್ಟು ಎಂದು ಹಲಗೆಯ ಮೇಲೆ ಬರೆದವನು ನಾನು. ಸೈಕಲಿನ ಕಾರ್ಬನ್ ಸುಮಾರು 1.6 ಪಟ್ಟು ಅಷ್ಟೇ. ಅಂಗಡಿಯಲ್ಲಿ ಇದೊಂದೂ ನನ್ನ ನೆನಪಿಗೆ ಬರಲಿಲ್ಲ. ಅಂಗೈ ಮೇಲೆ ಬಂದ ಆ ಹಗುರ ಫೋರ್ಕ್ ಅಸಲಿಯೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ತೋರಿಸಿದ್ದು ಒಂದು, ಜೋಡಿಸಿದ್ದು ಇನ್ನೊಂದು.

ಆಯಸ್ಕಾಂತ, ಸುಲಿದ ಸ್ಟಿಕರ್, ಸೈಕಲ್ ಮೂರನ್ನೂ ತೆಗೆದುಕೊಂಡು ಅಂಗಡಿಗೆ ಹೋದೆ. ಅವನು ಗಾಬರಿಯಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ.

"ಮಾಸ್ತರರೇ, ಉಕ್ಕಿನಲ್ಲಿ ಕಾರ್ಬನ್ ಇರುವುದಿಲ್ಲವೇ? ಪಾಠ ಮಾಡುವವರು ನೀವು."

ನನಗೆ ಮಾತೇ ಹೊರಡಲಿಲ್ಲ. ಉಕ್ಕಿನಲ್ಲಿ ಕಾರ್ಬನ್ ಇರುತ್ತದೆ, ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಫೋರ್ಕಿನ ಕಾರ್ಬನ್ ಎಂದರೆ ಎಳೆ, ಅಂಟಿನಲ್ಲಿ ಕೂರಿಸಿದ ಎಳೆ ಎಂದು ನಾನು ಅಲ್ಲಿ ನಿಂತು ವಿವರಿಸತೊಡಗಿದೆ! ಕೂಗಾಡಬೇಕಾದವನು ಪಾಠ ಮಾಡುತ್ತಿದ್ದೆ.

"ಎಳೆ ಎಂದು ನಾನು ಹೇಳಿದೆನೇ?" ಎಂದ.

ಅವನೇ ಕಳುಹಿಸಿದ ಧ್ವನಿಯನ್ನು ಎಲ್ಲರ ಮುಂದೆ ಕೇಳಿಸಿದೆ: "ಕಾರ್ಬನ್ ಫೋರ್ಕ್ ಬಂದಿದೆ ಮಾಸ್ತರರೇ, ಹೂವಿನಂತೆ ಹಗುರ." ಅವನು ಸಮಾಧಾನದಿಂದ ಕೇಳಿ, "ಎಲ್ಲ ಹೂವೂ ಒಂದೇ ತೂಕ ಇರುತ್ತವೆಯೇ?" ಎಂದ. ಗಾಳಿ ತುಂಬಿಸಲು ಬಂದಿದ್ದ ಇಬ್ಬರು ನಕ್ಕರು. ಅವರನ್ನು ನಾನು ಬೈಯುವುದಿಲ್ಲ, ಅವರಿಗೆ ಏನು ಗೊತ್ತು. ಆದರೆ ಆ ನಗು ಇನ್ನೂ ಕಿವಿಯಲ್ಲಿದೆ.

ಸ್ಟಿಕರ್ ಯಾಕೆ ಅಂಟಿಸಿದೆ ಎಂದೆ. "ಅದು ಡಿಸೈನ್." ಒಂಬತ್ತೂವರೆ ಕಿಲೋ ಎಂದಿದ್ದೆಯಲ್ಲ ಎಂದೆ. "ಚಕ್ರ ಬಿಚ್ಚಿ ತೂಗಿ, ಬರುತ್ತದೆ." ತೋರಿಸಿದ ಫೋರ್ಕ್ ಎಲ್ಲಿ ಎಂದೆ. "ಯಾವ ಫೋರ್ಕ್?" ಕೊನೆಗೆ, "ಬೇಡವಾದರೆ ಸೈಕಲ್ ಇಲ್ಲೇ ಬಿಡಿ, ಹನ್ನೊಂದು ಸಾವಿರ ಕೊಡುತ್ತೇನೆ" ಎಂದ. ಅದರಲ್ಲಿ ನನ್ನ ಸ್ವಂತ ದುಡ್ಡಿನ 9,500 ರೂಪಾಯಿಯ ಲಿವರ್ ಮತ್ತು ಡಿರೇಲರ್ ಕೂಡ ಇವೆ! ಎಲ್ಲ ಸೇರಿಸಿ ನನಗೆ ಸಿಗುವುದು ಹನ್ನೊಂದು. ಅವನ ಮುಖದಲ್ಲಿ ಒಂದಿಷ್ಟೂ ಅಳುಕು ಇರಲಿಲ್ಲ, ನನಗೆ ಉಪಕಾರ ಮಾಡುವವನಂತೆ ಹೇಳಿದ.

ಸೈಕಲ್ ವಾಪಸ್ ತಂದೆ. 1915ಕ್ಕೆ, ಗ್ರಾಹಕರ ಸಹಾಯವಾಣಿಗೆ ಕರೆ ಮಾಡಿ ದೂರು ಬರೆಸಿದ್ದೇನೆ. ಸರಿಹೋಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಆದರೆ ಬಿಲ್ ಎಲ್ಲಿ ಎಂದು ಎಲ್ಲರೂ ಮೊದಲು ಕೇಳುತ್ತಾರೆ, ನಾನು ಆ ಬಿಳಿ ಚೀಟಿ ತೋರಿಸಬೇಕು. ಜಿಎಸ್‌ಟಿ ಉಳಿಸಲು ಹೋಗಿ ಇದ್ದ ಸಾಕ್ಷಿಯನ್ನೇ ಕಳೆದುಕೊಂಡೆ. ತೆರಿಗೆ ಕಟ್ಟಿ ಬಿಲ್ ತೆಗೆದುಕೊಳ್ಳಿ. ಒಂದೊಂದು ಸಾಮಾನಿನ ಹೆಸರು, ಅದು ಯಾವುದರಿಂದ ಮಾಡಿದ್ದು, ಒಟ್ಟು ತೂಕ ಎಷ್ಟು, ಎಲ್ಲವನ್ನೂ ಅದರಲ್ಲಿ ಬರೆಸಿ. ಬರೆಯುವುದಿಲ್ಲ ಎಂದರೆ ಎದ್ದು ಬನ್ನಿ. ಕೊನೆಯ ಕಂತನ್ನು ತಕ್ಕಡಿಯ ಮುಂದೆ ನಿಂತು ಕೊಡಿ. ಆಯಸ್ಕಾಂತವನ್ನು ಫೋರ್ಕಿನ ಕಾಲಿನ ನಡುವೆ ಹಿಡಿಯಿರಿ, ಮೇಲೆ ಬೇರಿಂಗ್ ಕೂರುವ ಕಡೆ ಅಸಲಿಯದರಲ್ಲೂ ಉಕ್ಕು ಇರಬಹುದು. ಅಂಟದಿದ್ದರೆ ಕಾರ್ಬನ್ನೇ ಎಂದೂ ಅಲ್ಲ, ಅಲ್ಯೂಮಿನಿಯಂಗೂ ಅಂಟುವುದಿಲ್ಲ.

ಇದನ್ನು ಬರೆಯುವ ಮನಸ್ಸಿರಲಿಲ್ಲ. ಶಾಲೆಯ ಮಕ್ಕಳು, ಅವರ ತಂದೆತಾಯಿ ಓದುತ್ತಾರೆ ಎಂಬ ಸಂಕೋಚ. ಆದರೆ ಮೊನ್ನೆ ಸಂಜೆ ಆ ಅಂಗಡಿಯ ಮುಂದೆ ಹಾದುಹೋಗುವಾಗ ಕಾಲೇಜಿನ ಹುಡುಗನೊಬ್ಬ ನಿಂತಿದ್ದ. ಅವನ ಅಂಗೈ ಮೇಲೆ ಕಪ್ಪು ಫೋರ್ಕ್. ಅದೇ ಫೋರ್ಕ್. ಇನ್ನೊಂದು ಕೈಯಲ್ಲಿ ಮಡಚಿದ ನೋಟುಗಳು. ನಾನು ಒಳಗೆ ಹೋದೆ. ಕೈಕಾಲು ನಡುಗುತ್ತಿತ್ತು. "ಇದನ್ನೇ ನನಗೂ ತೋರಿಸಿದ್ದು" ಎಂದು ಹುಡುಗನಿಗೆ ಹೇಳಿದೆ. "ಮಾಸ್ತರರೇ, ವ್ಯಾಪಾರದ ಹೊತ್ತು, ಆಮೇಲೆ ಬನ್ನಿ" ಎಂದು ಅಂಗಡಿಯವನು ನನ್ನ ತೋಳು ಹಿಡಿದ. ಹುಡುಗ ಇಬ್ಬರ ಮುಖವನ್ನೂ ನೋಡಿ, ನೋಟು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ನಾನು ಹೊರಗೆ ಬರುವಷ್ಟರಲ್ಲಿ ಅವನು ಕಾಣಲಿಲ್ಲ. ಮಾರನೆಯ ದಿನ ಮತ್ತೆ ಹೋಗಿರಬಹುದು.

ತಮ್ಮಾ, ನೀನು ಇದನ್ನು ಓದುತ್ತಿದ್ದರೆ ಕೇಳು. ಆ ಫೋರ್ಕಿಗೆ ಆಯಸ್ಕಾಂತ ಅಂಟುವುದಿಲ್ಲ, ಅದು ಅಸಲಿ. ಅವನಿಂದಲೇ ಕಟ್ಟಿಸುವುದಾದರೆ ಅದರ ಮೇಲೆ ಅಳಿಸಲಾಗದ ಶಾಯಿಯಲ್ಲಿ ನಿನ್ನ ಸಹಿ ಹಾಕಿ ಫೋಟೋ ತೆಗೆದುಕೋ. ಸೈಕಲ್ ಕೈಗೆ ಬಂದ ದಿನ ಮೊದಲು ಆ ಸಹಿಯನ್ನು ಹುಡುಕು.