ಹೊಲಿಗೆ ಮಿಷನ್ ಅಂಗಡಿಗೆ ಆನ್‌ಲೈನ್ ಜಾಹೀರಾತು: ನಾಲ್ಕು ವರ್ಷ ದುಡ್ಡು ಹಾಕಿದ ಮೇಲೆ

ದಾವಣಗೆರೆ ಚಾಮರಾಜಪೇಟೆ ಕಡೆ ನಮ್ಮದು ಹೊಲಿಗೆ ಮಿಷನ್ ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ. 2021ರ ಜುಲೈನಲ್ಲಿ, ಎರಡನೇ ಲಾಕ್‌ಡೌನ್ ಮುಗಿದ ಮೇಲೆ ಶೆಟರ್ ಎತ್ತಿದರೆ ನೊಣ ಬಿಟ್ಟು ಇನ್ಯಾರೂ ಬರುತ್ತಿರಲಿಲ್ಲ. ತಂಗಿ ಮಗ ನನ್ನ ಫೋನ್ ತಗೊಂಡು, "ಮಾಮ, ದಿನಕ್ಕೆ ಇನ್ನೂರು ರೂಪಾಯಿ ಹಾಕಿ ನೋಡು" ಅಂದ. ಹಾಗೆ ಒಂದು ದೊಡ್ಡ ಜಾಲತಾಣದ ಜಾಹೀರಾತು ಸೇವೆಗೆ ಸೇರಿಕೊಂಡೆ. ಅದರ ಹೆಸರು ಬೇಡ. ಈ ಕಥೆ ಅಂಥ ಎಲ್ಲ ಸೇವೆಗಳಿಗೂ ಹೆಚ್ಚುಕಡಿಮೆ ಹೊಂದುತ್ತೆ.

ಮೊದಲ ವಾರ ಖುಷಿಯೋ ಖುಷಿ. ಹತ್ತು ಸಾವಿರ ಜನ ನೋಡಿದರು ಅಂತ ಫೋನಿನಲ್ಲಿ ಬರುತ್ತಿತ್ತು. ಅಂಗಡಿಗೆ ಬಂದವರು ಮೂರು ಜನ. ಅದರಲ್ಲಿ ಒಬ್ಬರು ಪಕ್ಕದ ಬೀದಿಯವರು, ಸುಮ್ನೆ ಮಾತಾಡಿಸೋಕೆ ಬಂದಿದ್ದರು.

ಇದು ಹೇಗೆ ನಡೆಯುತ್ತೆ ಅಂತ ತಿಳಿಯೋಕೆ ನನಗೆ ಒಂದು ವರ್ಷ ಬೇಕಾಯಿತು. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಹರಾಜು ಆಗುತ್ತಲ್ಲ, ಇದೂ ಹಾಗೇ ಹರಾಜು. ಒಬ್ಬರು ಫೋನ್ ತೆರೆದ ಕ್ಷಣದಲ್ಲಿ ಅವರಿಗೆ ಯಾರ ಜಾಹೀರಾತು ತೋರಿಸಬೇಕು ಅಂತ ಬಿಡ್ ನಡೆಯುತ್ತೆ. ಮನುಷ್ಯರು ಯಾರೂ ಕೂಗಲ್ಲ, ಎಲ್ಲಾ ಕಂಪ್ಯೂಟರೇ ಮಾಡುತ್ತೆ. ದಸರಾ, ದೀಪಾವಳಿ ಬಂತೆಂದರೆ ದೊಡ್ಡ ಆನ್‌ಲೈನ್ ಅಂಗಡಿಗಳೂ ಅದೇ ಹರಾಜಿಗೆ ಇಳಿಯುತ್ತವೆ. ನನ್ನ ಇನ್ನೂರು ರೂಪಾಯಿ ಆಗ ಮಧ್ಯಾಹ್ನದೊಳಗೇ ಖಾಲಿ.

ಊರಿನ ಸುತ್ತ 15 ಕಿಲೋಮೀಟರ್ ಅಂತ ಹಾಕಿದ್ದೆ. ಹರಿಹರವೂ ಸೇರಲಿ ಅಂತ ಆಸೆ. ಒಂದು ದಿನ ಹುಬ್ಬಳ್ಳಿಯಿಂದ ಫೋನ್ ಬಂತು. ಅವರು ಬೆಂಗಳೂರಿಗೆ ಹೋಗುವಾಗ ಇಲ್ಲಿ ಬೆಣ್ಣೆ ದೋಸೆ ತಿನ್ನೋಕೆ ಇಳಿದಿದ್ದರಂತೆ. ಆಗ ಗೊತ್ತಾಯಿತು ನೋಡಿ, ಊರಲ್ಲಿ ಇರುವವರಿಗಷ್ಟೇ ಅಲ್ಲ, ಇತ್ತೀಚೆಗೆ ಇಲ್ಲಿಗೆ ಬಂದುಹೋದವರಿಗೂ ಜಾಹೀರಾತು ಕಾಣುತ್ತೆ. ಊರ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 48. ಬಸ್ಸಿನಲ್ಲಿ ಹಾದುಹೋಗುವ ಎಷ್ಟು ಜನರಿಗೆ ನನ್ನ ದುಡ್ಡಲ್ಲಿ ಹೊಲಿಗೆ ಮಿಷನ್ ತೋರಿಸಿದ್ದೇನೋ!

2022ರಲ್ಲಿ ಒಂದು ಏಜೆನ್ಸಿಗೆ ವಹಿಸಿದೆ. ತಿಂಗಳಿಗೆ ಎಂಟು ಸಾವಿರ. ಅವರು ಮಾಡಿದ ಪೋಸ್ಟರಿನಲ್ಲಿ "ನಿಮ್ಮ ಹೊಲಿಗೆ ಪ್ರಯಾಣವನ್ನು ಆರಂಭಿಸಿ" ಅಂತ ಇತ್ತು. ನಮ್ಮ ಹಳೇ ಗಿರಾಕಿ, ಬ್ಲೌಸ್ ಹೊಲಿಯುವ ಅಕ್ಕ, "ಯಾವೂರಿಗೆ ಪ್ರಯಾಣ ಅಣ್ಣಾ?" ಅಂತ ಕೇಳಿದರು. ಮೂರನೇ ತಿಂಗಳಿಗೆ ಏಜೆನ್ಸಿ ಬಿಟ್ಟು ನಾನೇ ಬರೆದೆ: "ದಾರ ಪದೇ ಪದೇ ಕಿತ್ತು ಹೋಗ್ತಿದೆಯಾ? ಮಿಷನ್ ಫೋಟೊ ಕಳಿಸಿ." ನಾಲ್ಕು ವರ್ಷದಲ್ಲಿ ಚೆನ್ನಾಗಿ ಓಡಿದ ಜಾಹೀರಾತು ಅದೊಂದೇ.

ಓಡಿತು ಅಂದರೆ ಮೆಸೇಜ್ ಬಂದವು. ಇಲ್ಲೇ ಇರೋದು ಗಂಟು. "ನನಗೆ ಮೆಸೇಜ್ ಬೇಕು" ಅಂತ ಗುರಿ ಕೊಟ್ಟರೆ, ಅದು ಮೆಸೇಜ್ ಮಾಡುವ ಚಟ ಇರುವವರನ್ನೇ ಹುಡುಕಿ ತರುತ್ತೆ. ಕೊಳ್ಳುವವರನ್ನು ಅಲ್ಲ. 2023ರ ಸೆಪ್ಟೆಂಬರ್ 17ಕ್ಕೆ ಕುಶಲಕರ್ಮಿಗಳಿಗೆ ಅಂತ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಟೈಲರ್‌ಗಳೂ ಅದರಲ್ಲಿ ಸೇರಿದ್ದಾರೆ, ಉಪಕರಣಕ್ಕೆ 15,000 ರೂಪಾಯಿವರೆಗೆ ವೋಚರ್ ಸಿಗುತ್ತೆ. ಅದು ನಿಜವಾದ ಯೋಜನೆ. ಆದರೆ ಅದರ ಬೆನ್ನಿಗೇ "ಉಚಿತ ಹೊಲಿಗೆ ಯಂತ್ರ, ಈ ಲಿಂಕ್ ಒತ್ತಿ" ಅನ್ನುವ ಸುಳ್ಳು ಮೆಸೇಜುಗಳೂ ಹರಿದಾಡಿದವು. ನನ್ನ ಜಾಹೀರಾತಿನ ಕೆಳಗೆ ಬರೀ ಒಂದೇ ಪ್ರಶ್ನೆ, "ಫ್ರೀ ಕೊಡ್ತೀರಾ ಅಣ್ಣಾ?" ರಾತ್ರಿ ಊಟಕ್ಕೆ ಕೂತರೂ ಅದೇ. ಪಾಪ, ಕೇಳಿದವರದ್ದು ತಪ್ಪಿಲ್ಲ. ಆದರೆ ಅಂಥವರು ಜಾಸ್ತಿ ಮೆಸೇಜ್ ಮಾಡಿದಷ್ಟೂ ಕಂಪ್ಯೂಟರ್ "ಓಹೋ, ಇವರೇ ಬೇಕು" ಅಂತ ಇನ್ನಷ್ಟು ಅಂಥವರನ್ನೇ ಕರೆತಂತು. ನೂರಕ್ಕೆ ನೂರು ಫಲಿತಾಂಶ ಅಂತ ಹಸಿರು ಬಣ್ಣದ ಗೆರೆ ಬೇರೆ.

ಆಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಮಿಷನ್ ತಗೊಂಡ ಪ್ರತಿಯೊಬ್ಬರಿಗೂ "ನಮ್ಮಂಗಡಿ ಹೇಗೆ ಗೊತ್ತಾಯಿತು?" ಅಂತ ಕೇಳಿ ಟಿಕ್ ಹಾಕುವುದು. ಒಂದು ವರ್ಷದಲ್ಲಿ ಜಾಹೀರಾತಿನ ಕಾಲಂನಲ್ಲಿ ಹತ್ತೊಂಬತ್ತು ಟಿಕ್. ಆ ವರ್ಷ ಹಾಕಿದ ದುಡ್ಡು 48,000. ಅದರ ಮೇಲೆ 18% ಜಿಎಸ್‌ಟಿ ಸೇರಿ 56,640. ಒಂದು ಮಿಷನ್‌ಗೆ ಹೆಚ್ಚುಕಡಿಮೆ ಮೂರು ಸಾವಿರ ಬಿತ್ತು. ಮನೆ ಬಳಕೆಯ ಮಿಷನ್‌ನಲ್ಲಿ ನನಗೆ ಅಷ್ಟು ಲಾಭವೇ ಇಲ್ಲ ರೀ. ನಾನು ಕಾಂಪೋಸಿಷನ್ ಸ್ಕೀಮಿನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಅಂತ ತೆರಿಗೆ ಕಟ್ಟುವ ಪದ್ಧತಿಯಲ್ಲಿ, ಇರುವುದರಿಂದ ಕಟ್ಟಿದ ಜಿಎಸ್‌ಟಿ ವಾಪಸ್ಸೂ ಬರಲ್ಲ. ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಜಿಎಸ್‌ಟಿ ಬರೀ 5%. ಈ ವ್ಯತ್ಯಾಸ ನನಗೆ ಯಾರೂ ಮೊದಲೇ ಹೇಳಲಿಲ್ಲ.

ಪೇಪರ್ ಅಂದಾಗ ನೆನಪಾಯಿತು. ಅಪ್ಪನ ಕಾಲದಲ್ಲಿ ಹಬ್ಬಕ್ಕೆ ಮುಂಚೆ ಜಾಹೀರಾತಿನವರು ಲೂನಾದಲ್ಲಿ ಬರುತ್ತಿದ್ದರು. ಟೀ ಕುಡಿದು, "ಈ ಸಲ ಕಾಲು ಪುಟ ಮಾಡೋಣ" ಅಂತ ಅಪ್ಪನನ್ನು ಒಪ್ಪಿಸುತ್ತಿದ್ದರು. ತಪ್ಪು ಅಚ್ಚಾದರೆ ಮರುದಿನ ಅದೇ ಟೀ ಅಂಗಡಿಯಲ್ಲಿ ಹಿಡಿದು ಬೈಯಬಹುದಿತ್ತು. ಕಳೆದ ವರ್ಷ ನನ್ನ ಜಾಹೀರಾತು ಖಾತೆ ಒಂದು ಬೆಳಿಗ್ಗೆ ಬಂದ್ ಆಯಿತು. ನಿಯಮ ಮುರಿದಿದ್ದೀರಿ ಅಂತ ಒಂದು ಸಾಲು. ಯಾವ ನಿಯಮ ಅಂತ ಇಲ್ಲ. ಫೋನ್ ನಂಬರ್ ಇಲ್ಲ, ಮನುಷ್ಯರಿಲ್ಲ. ಹನ್ನೊಂದು ದಿನ ಆದ ಮೇಲೆ ತಾನಾಗಿಯೇ ತೆರೆಯಿತು, ಯಾಕೆ ಅಂತ ಅದೂ ಹೇಳಲಿಲ್ಲ. ಲೂನಾದಲ್ಲಿ ಬರುತ್ತಿದ್ದವರ ಮಗ ಈಗ ಯೂಟ್ಯೂಬ್ ಚಾನೆಲ್ ಇಟ್ಟುಕೊಂಡು ಊರ ಸುದ್ದಿ ಮಾಡುತ್ತಾನೆ. "ಅಣ್ಣಾ, ಒಂದು ರೀಲ್ ಮಾಡೋಣ" ಅಂತ ಬಂದಿದ್ದ. ಟೀ ಮಾತ್ರ ಅದೇ ಅಂಗಡಿಯದ್ದು.

ಇನ್ನೊಂದು ತಮಾಷೆ ಹೇಳಬೇಕು. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತ ಆಗುವುದಕ್ಕೆ ಹೊಸ ನಿಯಮ ಬಂತು. ನಾನು ಗಮನಿಸಿರಲಿಲ್ಲ. ದುಡ್ಡು ಕಟ್ಟದೆ ಜಾಹೀರಾತು ನಿಂತೇ ಹೋಗಿತ್ತು, ಆಯುಧಪೂಜೆ ಮುಗಿಯುವವರೆಗೂ ನನಗೆ ಗೊತ್ತೇ ಇಲ್ಲ. ಆ ಹಬ್ಬಕ್ಕೆ ಟೈಲರ್‌ಗಳು ಸರ್ವೀಸಿಗೆ ಮಿಷನ್ ತಂದೇ ತರುತ್ತಾರೆ. ವ್ಯಾಪಾರ ಎಂದಿನಂತೆ ಆಗಿತ್ತು. ಆ ವರ್ಷವೇ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಇಷ್ಟೆಲ್ಲದರ ಮಧ್ಯೆ ನಿಜವಾಗಿ ಗಿರಾಕಿ ತಂದದ್ದು ಪುಕ್ಕಟೆ ಸಿಕ್ಕಿದ್ದು. ಗೂಗಲ್ ಮ್ಯಾಪಿನಲ್ಲಿ ಅಂಗಡಿ ನೋಂದಾಯಿಸುವ ಬಿಸಿನೆಸ್ ಪ್ರೊಫೈಲ್. 2021ರ ನವೆಂಬರಿಗೆ ಮುಂಚೆ ಅದಕ್ಕೆ ಗೂಗಲ್ ಮೈ ಬಿಸಿನೆಸ್ ಅಂತ ಹೆಸರಿತ್ತು. ಬೋರ್ಡಿನ ಫೋಟೊ, ಸಮಯ, ಭಾನುವಾರ ರಜಾ, ಯಾವ ಯಾವ ಕಂಪನಿ ಮಿಷನ್ ರಿಪೇರಿ ಮಾಡುತ್ತೇವೆ, ಇಷ್ಟೇ ಹಾಕಿದ್ದು. "ಹೊಲಿಗೆ ಯಂತ್ರ" ಅಂತ ಮಾತ್ರ ಬರೆದಿದ್ದೆ, ತಂಗಿ ಮಗ ಬೈದು "ಮಿಷನ್ ರಿಪೇರಿ" ಅಂತಲೂ ಸೇರಿಸಿದ. ಜನ ಹುಡುಕುವುದು ಹಾಗೇ ಅಲ್ವಾ. ನೋಟ್‌ಬುಕ್ಕಿನಲ್ಲಿ ಮ್ಯಾಪಿನ ಕಾಲಂನಲ್ಲಿ ಜಾಹೀರಾತಿನ ಮೂರರಷ್ಟು ಟಿಕ್ ಇವೆ. ಮಿಷನ್ ಕೆಟ್ಟವರು ತಾವೇ ಹುಡುಕಿಕೊಂಡು ಬರುತ್ತಾರೆ, ನಾನು ಬಸ್ಸಿನವರಿಗೆಲ್ಲ ತೋರಿಸಬೇಕಿಲ್ಲ.

ದುಡ್ಡು ಹಾಕುವುದನ್ನು ಪೂರ್ತಿ ನಿಲ್ಲಿಸಿಲ್ಲ. ಎಂಬ್ರಾಯ್ಡರಿ ಮಿಷನ್, ಓವರ್‌ಲಾಕ್ ಮಿಷನ್ ಥರದ ದುಬಾರಿ ಮಾಲು ಬಂದಾಗ ಐದಾರು ದಿನ ಹಾಕುತ್ತೇನೆ, ವಿಡಿಯೋ ಜೊತೆಗೆ. ಅವು ಜಗಳೂರು, ಹೊನ್ನಾಳಿ ಕಡೆಯಿಂದಲೂ ಗಿರಾಕಿ ತಂದಿವೆ. ಒಟ್ಟಾರೆ ಈ ಜಾಹೀರಾತು ಸೇವೆಗೆ ಐದಕ್ಕೆ ಎರಡೂವರೆ ಸ್ಟಾರ್ ಕೊಡುತ್ತೇನೆ.

ಹೋದ ವಾರ ನಿಟ್ಟುವಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಫೋನಿನಲ್ಲಿ ನನ್ನದೇ ಜಾಹೀರಾತು ತೋರಿಸಿದಳು. ಖುಷಿಯಾಗಿ ಟಿಕ್ ಹಾಕೋಕೆ ಹೋದೆ. "ಇದನ್ನ ನೋಡಿ ಅಕ್ಕನ್ನ ಕೇಳಿದೆ. ಅಕ್ಕ ನಿಮ್ಮಲ್ಲೇ ತಗೊಂಡಿದ್ದು, ಚೆನ್ನಾಗಿದೆ ಅಂದ್ಲು. ಅದಕ್ಕೇ ಬಂದೆ" ಅಂದಳು. ಜಾಹೀರಾತಿನ ಕಾಲಮ್ಮೋ, ಪರಿಚಯದವರ ಕಾಲಮ್ಮೋ ಗೊತ್ತಾಗದೆ ಎರಡರ ನಡುವಿನ ಗೆರೆಯ ಮೇಲೆ ಟಿಕ್ ಹಾಕಿದೆ.